ಷಡ್ಡಕರ ಕೂರುವ ಗಾಡಿ

ನಮ್ಮ ಷಡ್ಡಕರಿಗೆ ತಲೆ ಕೆಟ್ಟಿದೆ ಎಂದು ಊರೆಲ್ಲ ಹೇಳುತ್ತದೆ. ನಾನು ಮಾತ್ರ ಒಪ್ಪುವುದಿಲ್ಲ. ಕೆಡಬೇಕಾದರೆ ಅದು ಮೊದಲು ಒಂದು ದಿನವಾದರೂ ಸರಿಯಾಗಿ ಇದ್ದಿರಬೇಕಲ್ಲ!

ಷಡ್ಡಕರು ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಈ ಸಂಬಂಧವನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಹೆಣ್ಣು ನೋಡುತ್ತೇವೆ, ಮಾವನ ಮನೆತನ ವಿಚಾರಿಸುತ್ತೇವೆ, ಅತ್ತೆಯ ಬಾಯಿ ಹೇಗೆಂದು ಅಕ್ಕಪಕ್ಕದವರನ್ನು ಕೇಳುತ್ತೇವೆ. ಷಡ್ಡಕ ಮಾತ್ರ ಸೀರೆಯ ಜೊತೆ ಬರುವ ಕುಪ್ಪಸದ ಬಟ್ಟೆಯ ಹಾಗೆ ತಾನಾಗಿಯೇ ಬಂದುಬಿಡುತ್ತಾನೆ. ಬಣ್ಣ ಹೊಂದಿದರೆ ಪುಣ್ಯ, ಹೊಂದದಿದ್ದರೆ ಹಾಗೇ ತೊಟ್ಟುಕೊಳ್ಳಬೇಕು. ನಾನು ತೊಟ್ಟುಕೊಂಡಿದ್ದೇನೆ.

ನಾನು ಮಡಕಶಿರಾ ಕಡೆಯವನು, ಹೇಮಾವತಿ ಹತ್ತಿರದ ಒಂದು ಹಳ್ಳಿ. ಮದುವೆಯಾದ ಮೇಲೆ ರಾಯದುರ್ಗಕ್ಕೆ ಬಂದು ಮೆಡಿಕಲ್ ಷಾಪ್ ಇಟ್ಟೆ. ಅಕ್ಕತಂಗಿಯರು ಅಕ್ಕಪಕ್ಕ ಇರಬೇಕೆಂದು ಹಟ ಹಿಡಿದದ್ದರಿಂದ ನಮ್ಮ ಮನೆಗೂ ಷಡ್ಡಕರ ಮನೆಗೂ ನಡುವೆ ಒಂದೇ ಗೋಡೆ. ಅವರದು ಜೀನ್ಸ್ ಹೊಲಿಯುವ ಕಸುಬು. ಪಡಸಾಲೆಯಲ್ಲಿ ಮಿಷನ್‌ಗಳ ಸಾಲು. ಅವರ ಹೆಂಡತಿ, ಅಂದರೆ ನನ್ನ ಅತ್ತಿಗೆ, ಮತ್ತು ಬೀದಿಯ ನಾಲ್ಕಾರು ಹೆಂಗಸರು ಹೊಲಿಯುತ್ತಾರೆ, ಇವರು ಕತ್ತರಿಸುತ್ತಾರೆ. ಕತ್ತರಿ ಹಿಡಿದರೆ ಕೈ ಚೆನ್ನಾಗಿ ಓಡುತ್ತದೆ, ಸುಳ್ಳು ಹೇಳಬಾರದು. ತೊಂದರೆ ಏನೆಂದರೆ, ಬಟ್ಟೆ ಮುಗಿದ ಮೇಲೂ ಕೈ ನಿಲ್ಲುವುದಿಲ್ಲ.

ಅವರಲ್ಲಿ ಒಂದು ಸಣ್ಣ ಸರಕಿನ ಗಾಡಿ ಇತ್ತು. ಹೊಲಿದ ಪ್ಯಾಂಟಿನ ಮೂಟೆ ಹೊತ್ತು ಬಳ್ಳಾರಿಗೆ ಹೋಗುವುದು, ಬಟ್ಟೆಯ ಥಾನು ಹೊತ್ತು ಬರುವುದು, ಇಷ್ಟೇ ಅದರ ಸಂಸಾರ. ನಮ್ಮ ಕಡೆ ಗಾಡಿ ಕೊಂಡವನು ಮೊದಲು ಮಾಡುವ ಕೆಲಸವೆಂದರೆ ಕೆಳಗೆ ಇನ್ನೆರಡು ಕಮಾನು ಪಟ್ಟಿ, ಅಂದರೆ ಸ್ಪ್ರಿಂಗಿನ ಪಟ್ಟಿ, ಸೇರಿಸಿ ಎತ್ತರಿಸುವುದು. ಎತ್ತರಿಸದಿದ್ದರೆ ನಮ್ಮ ರಸ್ತೆಗಳು ಹೊಟ್ಟೆ ಸೀಳಿಬಿಡುತ್ತವೆ. ಇದು ಎತ್ತಿಗೂ ಗೊತ್ತು. ನಮ್ಮ ಷಡ್ಡಕರಿಗೆ?

ಒಂದು ಮಧ್ಯಾಹ್ನ ಅಂಗಡಿಗೆ ಫೋನು ಹಿಡಿದುಕೊಂಡು ಓಡಿಬಂದರು.

“ಡಾಕ್ಟ್ರೇ, ಇದನ್ನ ಒಂದೀಟು ನೋಡ್ರಿ!”

ಮಾತ್ರೆ ಮಾರುವ ನನ್ನನ್ನು ಅವರು ಡಾಕ್ಟ್ರೇ ಎಂದು ಕರೆಯುವುದು ಗೌರವಕ್ಕಲ್ಲ, ಹಂಗಿಸುವುದಕ್ಕೆ. ನೋಡಿದೆ. ಯಾವುದೋ ದೇಶದ ಬೀದಿ. ಒಂದು ಸಣ್ಣ ಗಾಡಿ ಬಂದು ನಿಂತಿತು. ‘ಸ್ಸ್’ ಎಂದು ಉಸಿರು ಬಿಟ್ಟು ಹಾಗೇ ನೆಲಕ್ಕೆ ಕೂತಿತು. ಹೊಟ್ಟೆ ನೆಲಕ್ಕೆ ತಾಗಿತು.

“ಪಂಚರ್ ಆಗೈತಾ ಅಣ್ಣ?” ಎಂದೆ.

“ಪಂಚರ್ ಅಲ್ರಿ, ಫ್ಯಾಷನ್! ಕುಂದರತೈತಿ, ಏಳತೈತಿ. ಕಮಾನೇ ಇಲ್ಲ, ಗಾಳಿ ಮ್ಯಾಲ ನಿಂತೈತಿ. ಏರ್ ಸಸ್ಪೆನ್ಷನ್ ಅಂತಾರ.”

“ಕೂತು ಎದ್ದು ಮಾಡಾಕೆ ಅದೇನು ಇಸ್ಕೂಲಿಗೆ ಲೇಟಾಗಿ ಬಂದಿರೋ ಉಡುಗನಾ?”

“ನಿಮ್ಮ ಮಡಕಶಿರಾ ಮಂದಿಗೆ ಇದೆಲ್ಲ ತಿಳ್ಯಂಗಿಲ್ಲ ಬಿಡ್ರಿ” ಎಂದು ಹೊರಟುಹೋದರು.

ತಿಳಿಯದಿದ್ದರೆ ಚೆನ್ನಾಗಿತ್ತು. ಮಾರನೆಯ ದಿನದಿಂದಲೇ ಗೋಡೆಯಾಚೆ ಸುತ್ತಿಗೆಯ ಸದ್ದು. ಇಣುಕಿ ನೋಡಿದರೆ ಅಂಗಳದಲ್ಲಿ ಗಾಡಿ ಕಲ್ಲುಗಳ ಮೇಲೆ ನಿಂತಿದೆ, ಚಕ್ರವಿಲ್ಲ, ಕಮಾನಿಲ್ಲ. ಅದರ ಕೆಳಗಿಂದ ಎರಡು ಕಾಲುಗಳು ಹೊರಬಂದಿವೆ. ಕಾಲುಗಳ ಪಕ್ಕದಲ್ಲಿ ಬಟ್ಟೆ ಅಳೆಯುವ ಟೇಪು! ಟೈಲರ್ ಸೀಮೆಸುಣ್ಣದಿಂದ ಚಾಸಿಯ ಮೇಲೆಲ್ಲ ಗೆರೆ ಎಳೆದು, ‘ಇಲ್ಲಿ ಕತ್ತರಿಸು, ಇಲ್ಲಿ ಒಂದಿಂಚು ಬಿಡು’ ಎಂದು ಗುರುತು ಹಾಕಿದ್ದರು. ಕಬ್ಬಿಣಕ್ಕೂ ಹೊಲಿಗೆ ಬಿಡುವ ಮನುಷ್ಯನನ್ನು ನೀವೆಲ್ಲಾದರೂ ಕಂಡಿದ್ದೀರಾ? ವೆಲ್ಡಿಂಗ್‌ಗೆ ಬಂದವನು ಅದನ್ನು ನೋಡಿ, ಕಾಜಾ ಗುಂಡಿ ಎಲ್ಲಿ ಇಡಬೇಕೆಂದು ಕೇಳಿದನಂತೆ.

ಅತ್ತಿಗೆ ಬಂದು ನನ್ನ ಹೆಂಡತಿಯ ಮುಂದೆ ಗೋಳಾಡಿದರು. “ಮೂಟಿ ಒಯ್ಯೋ ಗಾಡಿ ಹರದು ಇಟ್ಟಾರ. ಇನ್ನ ನಾನು ತಲಿ ಮ್ಯಾಲ ಹೊತ್ತು ಬಳ್ಳಾರಿಗೆ ಹೋಗ್ಲೇನು?”

ತೆಗೆದ ಕಮಾನಿನ ಜಾಗಕ್ಕೆ ಬರಬೇಕಾದದ್ದು ರಬ್ಬರಿನ ದಪ್ಪ ಬಲೂನುಗಳು. ದೊಡ್ಡ ದೊಡ್ಡ ಐಷಾರಾಮಿ ಬಸ್ಸುಗಳ ಕೆಳಗೆ ಇರುತ್ತವಂತೆ. ಬಳ್ಳಾರಿಯ ಗುಜರಿಯಲ್ಲಿ ಒಂದು ಸತ್ತ ಬಸ್ಸಿನಿಂದ ಬಿಚ್ಚಿಸಿದರು. ನನ್ನ ಕರ್ಮ, ಅವತ್ತು ನಾನೂ ಔಷಧಿ ತರಲು ಬಳ್ಳಾರಿಗೆ ಹೋಗಿದ್ದೆ. ವಾಪಸು ಬರುವಾಗ ಷಡ್ಡಕರು ನಾನಿದ್ದ ಬಸ್ಸನ್ನೇ ಹತ್ತಿ, ನನ್ನ ಪಕ್ಕದಲ್ಲೇ ಕೂತರು. ಮಡಿಲಲ್ಲಿ ಎರಡು ಬಲೂನು, ಕಾಲ ಬುಡದಲ್ಲಿ ಎರಡು. ಒಂದೊಂದೂ ಕರಿ ಕುಂಬಳಕಾಯಿಯಷ್ಟು. ಓಬಳಾಪುರದ ಹತ್ತಿರ ಕಂಡಕ್ಟರು ಬಂದ.

“ಏನ್ರಿ ಅದು ಮಡಿಲಾಗ?”

“ಬಲೂನ್ ರೀ.”

ಕಂಡಕ್ಟರು ಬಗ್ಗಿ ನೋಡಿದ. “ಯಾರ ಹುಟ್ಟುಹಬ್ಬರಿ?”

“ಗಾಡಿದು ರೀ” ಎಂದರು ಷಡ್ಡಕರು, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ.

ಕಂಡಕ್ಟರು ನನ್ನ ಕಡೆ ತಿರುಗಿದ. “ನೀವು ಇವ್ರ ಜೋಡಿನಾ?”

“ಅಲ್ಲಪ್ಪ, ನಾನು ಬೇರೆ” ಎಂದು ಎದ್ದು ಹಿಂದಿನ ಸೀಟಿಗೆ ಹೋದೆ. ನೀವಾಗಿದ್ದರೂ ಅದನ್ನೇ ಮಾಡುತ್ತಿದ್ದಿರಿ.

ಬಲೂನು ಕೂತವು, ಪೈಪು ಎಳೆದದ್ದಾಯಿತು, ಕರೆಂಟಿನ ಕಂಪ್ರೆಸರ್ ಬಂತು. ಗಾಳಿ ಬಿಡುವುದಕ್ಕೂ ತುಂಬುವುದಕ್ಕೂ ಸ್ವಿಚ್ಚುಗಳು ಬೇಕಲ್ಲ? ಪಡಸಾಲೆಯ ಗೋಡೆಯಲ್ಲಿದ್ದ ಸ್ವಿಚ್ ಬೋರ್ಡನ್ನೇ ಕಿತ್ತು ಗಾಡಿಯೊಳಗೆ ಕೂರಿಸಿದರು. ಅದರಲ್ಲಿ ಫ್ಯಾನಿನ ರೆಗ್ಯುಲೇಟರೂ ಇತ್ತು. ಅದು ಗಾಡಿಯಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ, ಆದರೂ ಇತ್ತು. ಹೊಲಿಯುವ ಹೆಂಗಸರು ಬೇಸಿಗೆಯಲ್ಲಿ ಫ್ಯಾನಿಲ್ಲದೆ ಬೆವರುತ್ತ, ಫ್ಯಾನಿನ ರೆಗ್ಯುಲೇಟರು ಗಾಡಿಯಲ್ಲಿ ಸುಖವಾಗಿ ಕೂತಿರುವುದನ್ನು ನೋಡುತ್ತಿದ್ದರು.

ಗಾಡಿ ಏಳುವ ದಿನ ಬಂತು. ಬೀದಿಯ ಮಿಷನ್‌ಗಳೆಲ್ಲ ನಿಂತವು, ಮಂದಿಯೆಲ್ಲ ಅಂಗಳದಲ್ಲಿ ಸೇರಿದರು. ಷಡ್ಡಕರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗಾಡಿಗೆ ನಿಂಬೆಹಣ್ಣು ಕಟ್ಟಿ, ಸ್ವಿಚ್ಚು ಒತ್ತಿದರು. ಕಂಪ್ರೆಸರ್ ಅರಚಿತು. ನಮ್ಮ ಮನೆಯ ಬಲ್ಬು ಮಂಕಾಯಿತು. ಗಾಡಿ ನಡುಗಿತು, ಕೆಮ್ಮಿತು, ಆಮೇಲೆ ಹಿಂದಿನ ಎಡಗಡೆಯ ಮೂಲೆ ಒಂದೇ ಮೆಲ್ಲಗೆ ಮೇಲೆದ್ದಿತು. ಉಳಿದ ಮೂರೂ ನೆಲದಲ್ಲೇ. ಕಂಬ ಕಂಡ ನಾಯಿ ಹೇಗೆ ನಿಲ್ಲುತ್ತದೋ ಥೇಟ್ ಹಾಗೆ!

ಅತ್ತಿಗೆ ಕೂಗಿದರು: “ಸರೀರಿ, ಎಲ್ಲಾರೂ ಸರೀರಿ, ಎಲ್ಲಿ ಹೊಯ್ದುಬಿಡತೈತೋ!”

ಷಡ್ಡಕರು ಕಂಗೆಟ್ಟರೇ? ಇಲ್ಲ. ನನ್ನ ಅಂಗಡಿಗೆ ಬಂದು ಮಾರಾಟಕ್ಕಿಟ್ಟ ಸ್ಟೆತಾಸ್ಕೋಪ್ ಒಂದನ್ನು ಕೇಳದೆಯೇ ಕೊರಳಿಗೆ ಹಾಕಿಕೊಂಡು ಹೋದರು. ಗಾಡಿಯ ಕೆಳಗೆ ಮಲಗಿ ಪೈಪು ಪೈಪಿಗೂ ಹಚ್ಚಿ, ಗಾಳಿ ಎಲ್ಲಿ ಸೋರುತ್ತಿದೆ ಎಂದು ಆಲಿಸಿದರು. ಸಂಜೆ ಬಂದು, “ಎಡಗಡೆ ಎದಿಯಾಗ ಗೊರಗೊರ ಅಂತೈತ್ರಿ ಡಾಕ್ಟ್ರೇ” ಎಂದರು. ಅದಕ್ಕೆ ಸಿರಪ್ ಕೊಡಲೇ ಎಂದು ಕೇಳಿದೆ. ಕೋಪ ಮಾಡಿಕೊಂಡರು. ಸ್ಟೆತಾಸ್ಕೋಪ್ ಮಾತ್ರ ವಾಪಸು ಬರಲಿಲ್ಲ.

ಸೋರುವುದು ಪೂರ್ತಿ ನಿಲ್ಲಲೂ ಇಲ್ಲ. ಸಂಜೆ ನಿಂತಿದ್ದ ಗಾಡಿ ಬೆಳಗಾಗುವಷ್ಟರಲ್ಲಿ ಕೂತಿರುತ್ತಿತ್ತು. ಒಂದು ಸಲ ಎದುರುಮನೆಯ ಕೋಳಿ ಗಾಡಿಯ ಕೆಳಗೆ ಹೋಗಿ ಕಾವಿಗೆ ಕೂತಿದೆ. ಬೆಳಿಗ್ಗೆ ನೋಡಿದರೆ ಗಾಡಿಯೂ ಕೂತಿದೆ. ಒಳಗಿಂದ ಕೊಕ್ಕೊಕ್ಕೋ ಎಂಬ ಸದ್ದು. ಗಾಡಿ ಎತ್ತೋಣವೆಂದರೆ ಕಂಪ್ರೆಸರ್‌ಗೆ ಕರೆಂಟಿಲ್ಲ! ಎದುರುಮನೆಯಾಕೆ ಕರೆಂಟಿನ ಆಫೀಸಿಗೆ ಫೋನು ಮಾಡಿ ತೆಲುಗಿನಲ್ಲಿ ಬೈದರು. ಕರೆಂಟು ಯಾವಾಗ ಬರುತ್ತದೆ, ನಮ್ಮ ಕೋಳಿ ಹೊರಗೆ ಬರಬೇಕು ಎಂದರು. ಆ ಕಡೆಯವನಿಗೆ ಏನು ಅರ್ಥವಾಯಿತೋ, ಫೋನು ಇಟ್ಟುಬಿಟ್ಟ.

ಆಮೇಲೆ ಬ್ಯಾಟರಿಯಿಂದ ನಡೆಯುವ ಕಂಪ್ರೆಸರ್ ಬಂತು. ಗಾಡಿಗೆ ನವಿಲು ಬಣ್ಣವೂ ಬಂತು. ನಾಲ್ಕೂ ಮೂಲೆ ಒಟ್ಟಿಗೆ ಏಳುವುದನ್ನೂ ಕಲಿಯಿತು. ಇನ್ನು ಮೆರವಣಿಗೆ ಶುರು! ಬೊಮ್ಮನಹಾಳಿನ ಅಂಗಡಿಯೊಂದಕ್ಕೆ ಪ್ಯಾಂಟಿನ ಮೂಟೆ ಕೊಡಲು ಹೊರಟರು. ಊರು ಬರುವ ಮೊದಲೇ, ಮಂದಿ ನೋಡಲಿ ಎಂದು ಗಾಡಿಯನ್ನು ಅರ್ಧ ತಗ್ಗಿಸಿದರಂತೆ. ಕಾಲುವೆ ಪಕ್ಕದಲ್ಲಿ ಒಂದು ರೋಡ್ ಹಂಪ್. ಗಾಡಿಯ ಹೊಟ್ಟೆ ಅದರ ಮೇಲೆ ಕೂತುಬಿಟ್ಟಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಎತ್ತೋಣವೆಂದರೆ ಫ್ಯೂಸ್ ಹೋಗಿದೆ.

ಭತ್ತದ ನಾಟಿಗೆ ಹೊರಟಿದ್ದ ಹೆಂಗಸರ ಗುಂಪು ಅಲ್ಲೇ ನಿಂತಿತು.

“ಯಣ್ಣಾ, ಗಾಡಿ ಯಾಕ ಕುಂತೈತಿ?”

“ಸಸ್ಪೆನ್ಷನ್ ಬೇ ಯವ್ವಾ, ಏರ್ ಸಸ್ಪೆನ್ಷನ್.”

“ಅಯ್ಯ ಶಿವನ! ಸಸ್ಪೆಂಡ್ ಆಗೈತಾ? ಏನ್ ತಪ್ಪು ಮಾಡಿತ್ತು?”

ಅಂತೂ ಅವರೇ ಸೀರೆ ಎತ್ತಿಕಟ್ಟಿ, ಐಸಾ ಹಾಕಿ, ಗಾಡಿಯನ್ನು ಎತ್ತಿ ಈಚೆ ಇಟ್ಟರು. ಗಾಳಿಯ ಮೇಲೆ ನಿಲ್ಲುವ ಗಾಡಿಯನ್ನು ಕೊನೆಗೆ ಎತ್ತಿದ್ದು ನಾಟಿ ಹಾಕುವ ಕೈಗಳು. ಇದನ್ನು ನನಗೆ ಹೇಳಿದ್ದು ಷಡ್ಡಕರಲ್ಲ, ಅವರು ಯಾಕೆ ಹೇಳುತ್ತಾರೆ? ಆ ಗುಂಪಿನಲ್ಲಿದ್ದ ಒಬ್ಬಾಕೆ ಸೊಂಟ ನೋವಿಗೆ ಮುಲಾಮು ಕೊಳ್ಳಲು ನನ್ನ ಅಂಗಡಿಗೇ ಬಂದಿದ್ದಳು.

ಕಡೆಗೆ ಗಾಡಿ ತಪಾಸಣೆ ಮಾಡುವ ಇನ್‌ಸ್ಪೆಕ್ಟರ ಕೈಗೂ ಸಿಕ್ಕಿತು. ಅವರು ಟೇಪು ಹಿಡಿದು, “ಏಮಯ್ಯಾ, ಈ ಬಂಡಿ ಎತ್ತು ಎಂತ?” ಎಂದು ತೆಲುಗಿನಲ್ಲಿ ಕೇಳಿದರಂತೆ. ಗಾಡಿ ಎಷ್ಟು ಎತ್ತರ ಎಂದು.

ನಮ್ಮವರು ಕೈ ಮುಗಿದು, “ಮೀರು ಎಂತ ಚೆಪ್ಪಿತೇ ಅಂತ ಸಾರ್” ಎಂದರಂತೆ. ತಾವು ಹೇಳಿದಷ್ಟು!

ಇನ್‌ಸ್ಪೆಕ್ಟರು ಮೊದಲು ನಕ್ಕರು. ಒಂದು ಸಲ ಕೂರಿಸಿ ತೋರಿಸು ಎಂದರು. ಆಫೀಸಿನವರನ್ನೆಲ್ಲ ಕರೆದು ಇನ್ನೊಂದು ಸಲ ತೋರಿಸು ಎಂದರು. ಎಲ್ಲ ನೋಡಿ, ಚಹಾ ಕುಡಿದು, ಆಮೇಲೆ ಗಂಭೀರವಾಗಿ ಆಜ್ಞೆ ಮಾಡಿದರು: ಇದು ಕಾನೂನಿಗೆ ವಿರುದ್ಧ, ಬೇಗ ಹಳೆಯ ಕಮಾನು ಹಾಕಿಸಿ ಗಾಡಿ ತಂದು ತೋರಿಸಬೇಕು.

ನನಗೆ ಎಷ್ಟು ಸಂತೋಷವಾಯಿತೆಂದರೆ ಅವತ್ತು ಮನೆಗೆ ಜಿಲೇಬಿ ಒಯ್ದೆ. ಅತ್ತಿಗೆಯೂ ಗಂಡನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತರು. “ನೋಡ್ರಿ, ಇವ್ರ ಊರಾಗಿನ ಪೂಜಿ ಒಂದು ಮುಗೀಲಿ. ಬಂದ ಕೂಡ್ಲೆ ಆ ಬಲೂನು ಬಿಚ್ಚಬೇಕು. ಇಲ್ಲಂದ್ರ ನಾನೇ ಸೂಜಿ ಚುಚ್ತೀನಿ.”

ಊರಿನ ಪೂಜೆ ಎಂದರೆ ನಮ್ಮ ಹಳ್ಳಿಯದು. ಹಿಪ್ಪುನೇರಳೆ ಬೆಳೆಯುವ ನನ್ನ ಅಣ್ಣ ರೇಷ್ಮೆ ಹುಳು ಸಾಕಲು ಹೊಸ ಮನೆ ಕಟ್ಟಿದ್ದ. ಪೂಜೆಗೆ ಎಲ್ಲರೂ ಬರಬೇಕೆಂದು ಕರೆದಿದ್ದ. ನಾವೆಲ್ಲ ಬಸ್ಸಿನಲ್ಲಿ ಹೋದೆವು. ಷಡ್ಡಕರು ಮಾತ್ರ ಗಾಡಿಯಲ್ಲೇ ಬಂದರು. ಕೊನೆಯ ಸವಾರಿ ಅಲ್ಲವೇ, ಬಿಡುತ್ತಾರೆಯೇ?

ದಾರಿಯಲ್ಲಿ ಹೇಮಾವತಿ. ಸಿದ್ದೇಶ್ವರನ ಗುಡಿಯ ಮುಂದೆ ಗಾಡಿ ನಿಲ್ಲಿಸಿ, ನೋಡುವವರಿದ್ದಾರೆಂದು ಖಾತ್ರಿ ಮಾಡಿಕೊಂಡು, ಸ್ವಿಚ್ಚು ಒತ್ತಿದರು. ಗಾಡಿಯ ಮೂತಿ ಮೆಲ್ಲಗೆ ನೆಲಕ್ಕೆ ಬಾಗಿತು. ಕಟ್ಟೆಯ ಮೇಲಿದ್ದ ಮುದುಕನೊಬ್ಬ ಎದ್ದು ನಿಂತು, “ನೋಡ್ರಲಾ, ಗಾಡಿ ಸ್ವಾಮಿಗೆ ಅಡ್ಡಬಿತ್ತು!” ಎಂದು ಕೈ ಮುಗಿದ. ಯಾರೋ ಬಾನೆಟ್ಟಿಗೆ ಕುಂಕುಮ ಹಚ್ಚಿದರು, ಯಾರೋ ಬಾಳೆಹಣ್ಣು ಇಟ್ಟರು. ಷಡ್ಡಕರು ಹುಮ್ಮಸ್ಸಿನಲ್ಲಿ ಬಂದವರಿಗೆಲ್ಲ ಗಾಡಿಯನ್ನು ಅಡ್ಡಬೀಳಿಸಿದರು. ಬ್ಯಾಟರಿ ಎಷ್ಟೆಂದು ತಾಳೀತು? ಕೊನೆಗೆ ಅಡ್ಡಬಿದ್ದ ಗಾಡಿ ಏಳಲೇ ಇಲ್ಲ. ಅಷ್ಟೊಂದು ಭಕ್ತಿ ಆಗದು! ಟ್ರ್ಯಾಕ್ಟರಿನವನೊಬ್ಬ ತನ್ನ ಬ್ಯಾಟರಿಯಿಂದ ತಂತಿ ಕೊಟ್ಟು ಎಬ್ಬಿಸಿದ ಮೇಲೆ, ಊಟದ ಎಲೆ ಎತ್ತುವ ಹೊತ್ತಿಗೆ ನಮ್ಮ ಹಳ್ಳಿಗೆ ಬಂದರು. ಹಣೆಗೂ ಕುಂಕುಮ, ಗಾಡಿಗೂ ಕುಂಕುಮ.

ಮಾರನೆಯ ಬೆಳಿಗ್ಗೆ ನನ್ನ ಅವ್ವ ಬಿದ್ದಳು.

ಹೊಸ ಹುಳುವಿನ ಮನೆಯನ್ನು ಬ್ಲೀಚಿಂಗ್ ನೀರು ಹಾಕಿ ತೊಳೆದಿದ್ದರು. ಯಾರೂ ಹೇಳದಿದ್ದರೂ ಸೊಪ್ಪಿನ ಕುಕ್ಕೆ ಎತ್ತಿಕೊಂಡು ಮೆಟ್ಟಿಲು ಹತ್ತಿದ್ದಾಳೆ, ಜಾರಿದ್ದಾಳೆ. ನಾವು ಓಡಿಹೋಗಿ ನೋಡಿದಾಗ ಒಂದು ಕಾಲು ಹೊರಕ್ಕೆ ತಿರುಗಿಕೊಂಡಿತ್ತು. ಹೇಗೋ ಕೌದಿಯ ಮೇಲೆ ಮಲಗಿಸಿ, ಮಂಚಕ್ಕೆ ತಂದದ್ದಾಯಿತು. ಆಂಬುಲೆನ್ಸಿಗೆ ಫೋನು ಮಾಡಿದರೆ, ಅದು ಬೇರೆ ಕಡೆ ಹೋಗಿದೆ, ಕಾಯಿರಿ ಎಂದರು. ಆಟೋ ಬಂತು. ಅದರಲ್ಲಿ ಕೂರಿಸಲು ಎತ್ತಿದೆವು. ಅವ್ವ ಕೂಗಿದ ಕೂಗಿಗೆ ಆಟೋದವನೇ ಹೆದರಿ ಕೆಳಗಿಳಿದ. ಮತ್ತೆ ಮಂಚದ ಮೇಲೆ ಮಲಗಿಸಿದೆವು. ಮೆಡಿಕಲ್ ಷಾಪ್ ಇಟ್ಟವನು ನಾನು. ನೋವಿನ ಮಾತ್ರೆಗಳ ಹೆಸರೆಲ್ಲ ಬಾಯಿಪಾಠ. ಆ ಹೊತ್ತಿಗೆ ಒಂದೂ ನೆನಪಾಗಲಿಲ್ಲ.

ಆಗ ‘ಸ್ಸ್’ ಎಂಬ ಸದ್ದು ಕೇಳಿತು.

ತಿರುಗಿ ನೋಡಿದರೆ, ಷಡ್ಡಕರು ಗಾಡಿಯನ್ನು ಹಿಂದಕ್ಕೆ ತಂದು ಬಾಗಿಲಿಗೇ ತಾಗಿಸಿ ನಿಲ್ಲಿಸಿದ್ದಾರೆ. ಹಿಂದಿನ ಹಲಗೆ ತೆರೆದಿದೆ. ಗಾಡಿ ಇಳಿಯಿತು, ಇನ್ನೂ ಇಳಿಯಿತು, ಅವ್ವನ ಮಂಚದ ಎತ್ತರಕ್ಕೆ ಸರಿಯಾಗಿ ಬಂದು ನಿಂತಿತು.

“ಎತ್ತಬ್ಯಾಡ್ರಿ” ಎಂದರು. “ಮಂಚ ಇಲ್ಲಿ ಹಚ್ರಿ. ಕೌದಿ ಸಮೇತ ಹಂಗೇ ಸರಸ್ರಿ.”

ಸರಿಸಿದೆವು. ಅವ್ವ ಒಂದು ಸಲ ನರಳಿದಳು, ಅಷ್ಟೇ. ನಾನು ಅವಳ ಪಕ್ಕ ಕೂತೆ. ಷಡ್ಡಕರು ಎಷ್ಟೋ ಗಾಳಿ ತುಂಬಿ, ಅದರಲ್ಲಿ ಒಂದಿಷ್ಟು ಬಿಟ್ಟು, ಗಾಡಿಯ ಮೂಲೆಯನ್ನು ಕೈಯಿಂದ ಒತ್ತಿ ನೋಡಿ, ಮತ್ತೆ ಒಂದು ಉಸಿರಿನಷ್ಟು ಬಿಟ್ಟರು. ಆಮೇಲೆ ಹಿಂದೂಪುರದ ಆಸ್ಪತ್ರೆಯ ದಾರಿ ಹಿಡಿದರು.

ನಮ್ಮ ಹಳ್ಳಿಯ ರಸ್ತೆ ನನಗೆ ಗೊತ್ತು. ಅದರಲ್ಲಿ ಬಸುರಿ ಹೋದರೆ ದಾರಿಯಲ್ಲೇ ಹೆರಿಗೆಯಾಗುತ್ತದೆ ಎಂದು ನಾವೇ ನಗುತ್ತೇವೆ. ಗುಂಡಿ ಬಂದ ಕಡೆಯೆಲ್ಲ ನಾನು ಹಲ್ಲು ಕಚ್ಚಿ ಅವ್ವನ ಮುಖ ನೋಡುತ್ತಿದ್ದೆ. ಗಾಡಿ ಮೆಲ್ಲಗೆ ಬಾಗುತ್ತಿತ್ತು, ಮೆಲ್ಲಗೆ ಏಳುತ್ತಿತ್ತು. ಒಂದು ಕಡೆ ರಸ್ತೆಯೇ ಕುಸಿದಿತ್ತು. ಷಡ್ಡಕರು ಗಾಡಿಯನ್ನು ಪಕ್ಕದ ಜಾಲಿಯ ಪೊದೆಗೆ ನುಗ್ಗಿಸಿದರು. ಮುಳ್ಳು ಉದ್ದಕ್ಕೂ ಕರ್ ಎಂದು ನವಿಲು ಬಣ್ಣವನ್ನು ಕೆರೆಯಿತು. ಅವರು ತಿರುಗಿಯೂ ನೋಡಲಿಲ್ಲ.

ಮಡಕಶಿರಾ ದಾಟಿದೆವು. ಅವ್ವ ಕಣ್ಣು ಬಿಟ್ಟಳು.

“ಲೋ ಮಗಾ, ಗಾಡಿ ಇನ್ನಾ ಒಂಟಿಲ್ವೇನೋ?”

ಮುಂದಿನ ಕಿಟಕಿಯಿಂದ ಷಡ್ಡಕರ ದನಿ ಬಂತು.

“ಈಗ ಬಿಡ್ತೀನ್ರಿ ಅವ್ವಾರ. ನೀವು ಕಣ್ಣು ಮುಚ್ರಿ.”

“ನಿಧಾನಕ್ಕೆ ಬಿಡಪ್ಪಾ.”

“ಆಗ್ಲಿ ರೀ.”

ಅವ್ವ ಕಣ್ಣು ಮುಚ್ಚಿದಳು. ಅವಳ ಪಾಲಿಗೆ ಇನ್ನೂ ಹೊರಡದ ಗಾಡಿ ಹಿಂದೂಪುರ ಸೇರಿತು.

ಮುರಿದ ಮೂಳೆಗೆ ಡಾಕ್ಟರು ರಾಡು ಹಾಕಿದರು. ಅವ್ವ ಈಗ ನಾಲ್ಕು ಕಾಲಿನ ಸ್ಟ್ಯಾಂಡು ಹಿಡಿದು ಅಂಗಳದಲ್ಲಿ ನಡೆಯುತ್ತಾಳೆ, ಸೊಸೆಗೆ ಅಲ್ಲಿಂದಲೇ ಕೆಲಸ ಹೇಳುತ್ತಾಳೆ. ಕಾನೂನು ಕಾನೂನೇ. ಷಡ್ಡಕರ ಗಾಡಿಗೆ ಹಳೆಯ ಕಮಾನುಗಳು ಮರಳಿ ಬಂದಿವೆ. ಎಲ್ಲ ಗಾಡಿಗಳ ಹಾಗೆ ಎತ್ತರವಾಗಿ ನಿಂತಿರುತ್ತದೆ, ಎಲ್ಲ ಗಾಡಿಗಳ ಹಾಗೆ ಕುಲುಕಾಡುತ್ತ ಬಳ್ಳಾರಿಗೆ ಹೋಗುತ್ತದೆ. ಈಗ ಅವರು ಹೊಲಿಗೆ ಮಿಷನ್ನಿಗೆ ಏನೋ ಮಾಡಲು ಹೊರಟಿದ್ದಾರೆಂದು ಸುದ್ದಿ. ದೇವರೇ ಕಾಪಾಡಬೇಕು!

ಆದರೆ ಕಮಾನು ಹಾಕಿಸುವ ಮೊದಲು ಒಂದು ಸಲ ಗಾಡಿ ಹಿಂದೂಪುರಕ್ಕೆ ಬಂತು. ಅವ್ವನನ್ನು ಆಸ್ಪತ್ರೆಯಿಂದ ಬಿಟ್ಟ ದಿನ. ನನ್ನ ಅಣ್ಣ ಬಾಡಿಗೆ ಕಾರು ತಂದಿದ್ದ. ಅವ್ವ ಒಲ್ಲೆ ಎಂದಳು. ಷಡ್ಡಕರು ರಾಯದುರ್ಗದಿಂದ ಹೊರಟು ಬಂದರು. ಗಾಡಿಯ ಹಿಂಭಾಗದಲ್ಲಿ ಜೀನ್ಸ್ ತುಂಡುಗಳನ್ನು ಕೂಡಿಸಿ ಹೊಲಿದ ದಪ್ಪ ಹಾಸಿಗೆ ಹಾಸಿತ್ತು. ಆಸ್ಪತ್ರೆಯ ಬಾಗಿಲ ಮುಂದೆ ಗಾಡಿಯನ್ನು ಕೂರಿಸಿ, ಇಳಿದು ಬಂದು, ಗಾಳಿ ಸೋರುತ್ತಿದೆಯೇ ಎಂದು ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಕಿವಿ ಕೊಟ್ಟಿದ್ದರು. ಅವ್ವ ಸ್ಟ್ಯಾಂಡು ಬಿಟ್ಟು ಹಲಗೆಯ ಮೇಲೆ ಕೂರಲು ಹೋದವಳು ಆಧಾರಕ್ಕೆ ಏನೂ ಸಿಗದೆ ಅವರ ತಲೆಯ ಮೇಲೆ ಕೈಯಿಟ್ಟಳು. ಇಟ್ಟವಳು ಸುಧಾರಿಸಿಕೊಳ್ಳಲು ಹಾಗೇ ನಿಂತಳು.

ಒಂದು ಕ್ಷಣವೂ ಕೂತಲ್ಲಿ ಕೂರದ ಆ ಮನುಷ್ಯ, ಅವ್ವ ಮೆಲ್ಲಗೆ ಕೂತು, ಕಾಲು ಮೇಲೆ ತೆಗೆದುಕೊಂಡು, ಕೈ ತೆಗೆಯುವವರೆಗೂ ತಲೆ ಅಲ್ಲಾಡಿಸಲಿಲ್ಲ.